ಪೇಜ್ ತಾನಾಗಿ ರೀಲೋಡ್ ಆಯಿತೋ, ಬಳಕೆದಾರರೇ ಮಾಡಿದರೋ: ಗೊತ್ತುಮಾಡುವುದು ಹೇಗೆ?

ಅರ್ಧವಿರಾಮ

ಒಂದು ಡ್ಯಾಶ್‌ಬೋರ್ಡ್ ಪೇಜ್ ಇದೆ. ಟೈಮರ್ 5 ನಿಮಿಷಕ್ಕೊಮ್ಮೆ ಅದನ್ನು ರೀಲೋಡ್ ಮಾಡುತ್ತದೆ. ಸೈಟಿನ ಹೊಸ ಬಿಲ್ಡ್ (ಹೊಸ ಆವೃತ್ತಿ) ಬಂದು ಸರ್ವಿಸ್ ವರ್ಕರ್ (ಹಿನ್ನೆಲೆಯಲ್ಲಿ ಓಡಿ ಪೇಜಿನ ರಿಕ್ವೆಸ್ಟ್‌ಗಳನ್ನು ಹಿಡಿಯುವ ಸ್ಕ್ರಿಪ್ಟ್) ಬದಲಾದರೆ ಆಗಲೂ ಒಂದು ಸಲ. ಇದರ ಜೊತೆಗೆ ಬಳಕೆದಾರರು ತಾವೇ ಎಫ್5 ಒತ್ತುವುದು, ಮೊಬೈಲಿನಲ್ಲಿ ಕೆಳಕ್ಕೆಳೆದು ರಿಫ್ರೆಶ್ ಮಾಡುವುದು ಇದ್ದೇ ಇದೆ. ಅನಲಿಟಿಕ್ಸ್‌ನಲ್ಲಿ ಎಲ್ಲವೂ ಒಂದೇ ರಾಶಿಗೆ ಬೀಳುತ್ತಿವೆ. ನನಗೆ ಬೇಕಿರುವುದು ಕೈಯಾರೆ ಮಾಡಿದ ರೀಲೋಡ್‌ಗಳ ಲೆಕ್ಕ. ಒಂದು ಪೇಜಿನಲ್ಲಿ ಅದು ಏಕಾಏಕಿ ಏರಿದರೆ ಅಲ್ಲಿ ಡೇಟಾ ಹಳೆಯದಾಗಿ ಕೂತಿದೆ, ಇಲ್ಲವೇ ಸ್ಪಿನ್ನರ್ ತಿರುಗುತ್ತಲೇ ಇದೆ ಎಂದು ಹಿಡಿಯಬಹುದು.

ಪರ್ಫಾರ್ಮೆನ್ಸ್.ಗೆಟ್‌ಎಂಟ್ರೀಸ್‌ಬೈಟೈಪ್('ನ್ಯಾವಿಗೇಷನ್') ಕೊಡುವ ಮೊದಲ ಎಂಟ್ರಿಯ ಟೈಪ್ ನೋಡಿದೆ. ಎಫ್5 ಒತ್ತಿದರೂ 'ರೀಲೋಡ್', ಕೋಡಿನಿಂದ ಲೊಕೇಶನ್.ರೀಲೋಡ್() ಕರೆದರೂ 'ರೀಲೋಡ್'. ಕೀಡೌನ್‌ನಲ್ಲಿ ಎಫ್5, ಕಂಟ್ರೋಲ್+ಆರ್ ಹಿಡಿದರೆ ಟೂಲ್‌ಬಾರ್ ಬಟನ್ ತಪ್ಪಿಹೋಗುತ್ತದೆ. ಪೇಜ್ ಬಿಡುವ ಮುನ್ನ ಬರುವ ಬಿಫೋರ್‌ಅನ್‌ಲೋಡ್ ಇವೆಂಟ್ ಟ್ಯಾಬ್ ಮುಚ್ಚಿದರೂ ಬರುತ್ತದೆ. ಬ್ರೌಸರಿಗಂತೂ ಈ ವ್ಯತ್ಯಾಸ ಗೊತ್ತಿರುತ್ತದಲ್ಲ, ಅದನ್ನೇ ಕೇಳಿ ತಿಳಿಯುವ ದಾರಿ ಇದೆಯೇ?

ಸೊನ್ನೆಒಂದು

ಲೋಡ್ ಆದ ಮೇಲೆ ಕೇಳಿದರೆ ಬ್ರೌಸರ್ ಹೇಳುವುದಿಲ್ಲ. ಆ ಟೈಪ್‌ಗೆ 'ನ್ಯಾವಿಗೇಟ್', 'ರೀಲೋಡ್', 'ಬ್ಯಾಕ್_ಫಾರ್ವರ್ಡ್', 'ಪ್ರಿರೆಂಡರ್' ಎಂಬ ನಾಲ್ಕೇ ಬೆಲೆಗಳು. ಯಾರು ಮಾಡಿದರು ಎಂಬುದು ಅದರಲ್ಲಿಲ್ಲ. ಹಳೆಯ ಪರ್ಫಾರ್ಮೆನ್ಸ್.ನ್ಯಾವಿಗೇಷನ್.ಟೈಪ್ ಕೊಡುವ 1 ಕೂಡ ಇದೇ ಮಾಹಿತಿ, ಮೇಲಾಗಿ ಅದನ್ನು ಕೈಬಿಡಲಾಗಿದೆ. ಹೊಸ ಕೋಡಿನಲ್ಲಿ ಬಳಸಬೇಡಿ.

ಹಾಗಾಗಿ ಬಳಕೆದಾರರ ರೀಲೋಡನ್ನು ಹಿಡಿಯಲು ಹೋಗಬೇಡಿ. ನಿಮ್ಮ ಕೋಡ್ ಮಾಡುವ ರೀಲೋಡ್‌ಗೆ ನೀವೇ ಗುರುತು ಹಾಕಿ. ಗುರುತಿಲ್ಲದೆ ಬಂದದ್ದು ಬಳಕೆದಾರರದ್ದು ಎಂದುಕೊಂಡು, ಒಂದೆರಡು ಅಪವಾದ ಕಳೆದರೆ ಲೆಕ್ಕ ಸಿಕ್ಕಿತು.

ಮೊದಲ ಕೆಲಸ: ಕೋಡಿನಲ್ಲಿ ಲೊಕೇಶನ್.ರೀಲೋಡ್() ಎಲ್ಲೆಲ್ಲಿದೆಯೋ ಹುಡುಕಿ, ಎಲ್ಲ ಕಡೆಯೂ ಒಂದೇ ಫಂಕ್ಷನ್ ಕರೆಯುವಂತೆ ಮಾಡಿ. ತಾನಾಗಿರೀಲೋಡ್(ಕಾರಣ) ಎಂದಿಟ್ಟುಕೊಳ್ಳೋಣ. ಅದು ಸೆಷನ್‌ಸ್ಟೋರೇಜ್‌ನಲ್ಲಿ (ಬ್ರೌಸರ್ ಪ್ರತಿ ಟ್ಯಾಬ್‌ಗೆ ಕೊಡುವ ಚಿಕ್ಕ ಸಂಗ್ರಹ) ಒಂದು ಚಿಕ್ಕ ದಾಖಲೆ ಬರೆದು ಆಮೇಲೆ ರೀಲೋಡ್ ಕರೆಯಬೇಕು. ದಾಖಲೆ ಹೀಗಿರಲಿ:

{ ಕಾರಣ: 'ಟೈಮರ್', ಹೊತ್ತು: ಡೇಟ್.ನೌ(), ದಾರಿ: ಲೊಕೇಶನ್.ಪಾತ್‌ನೇಮ್ }

ಹೊಸ ಪೇಜಿನಲ್ಲಿ ಎಲ್ಲಕ್ಕಿಂತ ಮೊದಲು ಓಡುವ ಸ್ಕ್ರಿಪ್ಟ್ ಅದನ್ನು ಓದಿ, ಓದಿದ ಕೂಡಲೇ ರಿಮೂವ್‌ಐಟಂ ಮಾಡಬೇಕು. ಈ ಅಳಿಸುವ ಕೆಲಸವನ್ನು ಅನಲಿಟಿಕ್ಸ್ ಕಳಿಸಿದ ಮೇಲೆ ಮಾಡಿದರಾಯಿತು ಎಂದು ಮುಂದೂಡಿದರೆ, ನಡುವೆ ಯಾವುದೋ ಎರರ್ ಬಂದು ಸ್ಕ್ರಿಪ್ಟ್ ನಿಂತಾಗ ಗುರುತು ಉಳಿದುಬಿಡುತ್ತದೆ. ಮುಂದಿನ ಎಫ್5 ಕೂಡ 'ಟೈಮರ್' ಲೆಕ್ಕಕ್ಕೆ ಹೋಗುತ್ತದೆ.

ಸೆಷನ್‌ಸ್ಟೋರೇಜೇ ಏಕೆ ಎಂದರೆ, ಅದು ರೀಲೋಡ್ ದಾಟಿ ಉಳಿಯುತ್ತದೆ, ಆದರೆ ಟ್ಯಾಬ್‌ಗೆ ಸೀಮಿತ. ಲೋಕಲ್‌ಸ್ಟೋರೇಜ್ ಅಥವಾ ಕುಕಿಯಲ್ಲಿ ಬರೆದರೆ ಒಂದು ಟ್ಯಾಬ್ ಹಾಕಿದ ಗುರುತನ್ನು ಪಕ್ಕದ ಟ್ಯಾಬ್ ತಿಂದುಹಾಕುತ್ತದೆ. ಹಿಸ್ಟರಿ.ಸ್ಟೇಟ್‌ನಲ್ಲಿ ಇಡುವವರಿದ್ದಾರೆ. ಅದೂ ರೀಲೋಡ್ ದಾಟುತ್ತದೆ, ತೊಂದರೆ ಏನೆಂದರೆ ಬಳಕೆದಾರರ ರೀಲೋಡನ್ನೂ ದಾಟುತ್ತದೆ. ಪ್ರತಿ ಸಲ ರಿಪ್ಲೇಸ್‌ಸ್ಟೇಟ್‌ನಿಂದ ಒರೆಸಬೇಕು, ಮತ್ತು ನಿಮ್ಮ ರೌಟರ್ (ಪೇಜಿನೊಳಗೆ ಯುಆರ್‌ಎಲ್ ಬದಲಿಸುವ ಲೈಬ್ರರಿ) ಅದೇ ಜಾಗವನ್ನು ಬಳಸುತ್ತಿರಬಹುದು.

ದಾಖಲೆ 10 ಸೆಕೆಂಡಿಗಿಂತ ಹಳೆಯದಾಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಟ್ಯಾಬ್ ಡ್ಯೂಪ್ಲಿಕೇಟ್ ಮಾಡಿದಾಗ ಸೆಷನ್‌ಸ್ಟೋರೇಜ್ ಕೂಡ ನಕಲಾಗುತ್ತದೆ, ಹಾಗಾಗಿ ಅವಧಿಯ ಮಿತಿ ಬೇಕೇ ಬೇಕು. ಇಡೀ ಓದು-ಬರಹವನ್ನು ಟ್ರೈ-ಕ್ಯಾಚ್ ಒಳಗೆ ಇಡಿ. ಸೈಟ್ ಡೇಟಾವನ್ನು ಪೂರ್ತಿ ನಿರ್ಬಂಧಿಸಿದ ಬ್ರೌಸರಿನಲ್ಲಿ ಸೆಷನ್‌ಸ್ಟೋರೇಜ್ ಮುಟ್ಟಿದರೇ ಸೆಕ್ಯುರಿಟಿಎರರ್.

ತೆರೆಮರೆ

ಮೇಲಿನ ವಿಧಾನ ಸರಿ. ಆದರೆ ಎಲ್ಲ ಕರೆಗಳೂ ನಿಮ್ಮ ಫಂಕ್ಷನ್ ಮೂಲಕವೇ ಹೋಗುತ್ತವೆ ಎಂಬ ನಂಬಿಕೆ ದೊಡ್ಡ ಪ್ರಾಜೆಕ್ಟಿನಲ್ಲಿ ಉಳಿಯುವುದಿಲ್ಲ. ಹೊರಗಿನ ಲೈಬ್ರರಿ, ಚಾಟ್ ವಿಜೆಟ್, ಲಾಗಿನ್ ಎಸ್‌ಡಿಕೆ (ಲಾಗಿನ್‌ಗೆಂದು ಹೊರಗಿನವರು ಕೊಡುವ ಕೋಡ್), ಇವೂ ಸದ್ದಿಲ್ಲದೆ ಲೊಕೇಶನ್.ರೀಲೋಡ್() ಕರೆಯುತ್ತವೆ. ಲೊಕೇಶನ್.ರೀಲೋಡ್ ಅನ್ನೇ ನಮ್ಮ ಫಂಕ್ಷನ್‌ನಿಂದ ಬದಲಾಯಿಸಿದರಾಯಿತು ಎಂದು ಹಲವರು ಹೊರಡುತ್ತಾರೆ. ಆಗುವುದಿಲ್ಲ. ಲೊಕೇಶನ್ ಆಬ್ಜೆಕ್ಟಿನ ಮೆಥಡ್‌ಗಳನ್ನು ತಿದ್ದಲಾಗದಂತೆ ಸ್ಪೆಸಿಫಿಕೇಶನ್‌ನಲ್ಲೇ ಕಟ್ಟಿಹಾಕಿದ್ದಾರೆ. ತಿದ್ದಲು ಹೋದರೆ ಜಾವಾಸ್ಕ್ರಿಪ್ಟಿನ ಸ್ಟ್ರಿಕ್ಟ್ ಮೋಡ್‌ನಲ್ಲಿ (ಬಿಗಿ ನಿಯಮದಲ್ಲಿ) ಟೈಪ್‌ಎರರ್ ಬರುತ್ತದೆ, ಇಲ್ಲದಿದ್ದರೆ ಮೌನವಾಗಿ ಏನೂ ಆಗುವುದಿಲ್ಲ. ಎರಡನೆಯದು ಹೆಚ್ಚು ಅಪಾಯ.

ಇಲ್ಲಿ ಬ್ರೌಸರಿನ ನ್ಯಾವಿಗೇಷನ್ ಎಪಿಐ (ಪೇಜಿನ ಓಡಾಟವನ್ನು ಕೋಡಿಗೆ ತಿಳಿಸುವ ಸೌಲಭ್ಯ) ನೆರವಿಗೆ ಬರುತ್ತದೆ. ಕ್ರೋಮ್ 102ರಿಂದ ಇದೆ. ವಿಂಡೋ ಮೇಲೆ 'ನ್ಯಾವಿಗೇಷನ್' ಇದೆಯೇ ಎಂದು ನೋಡಿಕೊಂಡೇ ಬಳಸಿ. ಅದರ 'ನ್ಯಾವಿಗೇಟ್' ಇವೆಂಟಿಗೆ ಕಿವಿಗೊಟ್ಟರೆ, ಸ್ಕ್ರಿಪ್ಟ್ ಕರೆದ ರೀಲೋಡ್‌ಗೆ ಇವೆಂಟ್ ಬರುತ್ತದೆ, ನ್ಯಾವಿಗೇಷನ್‌ಟೈಪ್ 'ರೀಲೋಡ್' ಎಂದಿರುತ್ತದೆ. ಬ್ರೌಸರಿನ ಬಟನ್ ಅಥವಾ ಎಫ್5ನಿಂದ ಆದ ರೀಲೋಡ್‌ಗೆ ಆ ಇವೆಂಟ್ ಹೊರಡುವುದೇ ಇಲ್ಲ. ರೀಲೋಡ್ ಬ್ರೌಸರ್ ಯುಐನಿಂದ ಬಂದಿದ್ದರೆ ಇವೆಂಟ್ ಹೊರಡಿಸುವ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗು ಎಂದೇ ಸ್ಪೆಸಿಫಿಕೇಶನ್ ಹೇಳುತ್ತದೆ. ನೀವು ಕೇಳಿದ ವ್ಯತ್ಯಾಸ ಇದೇ. ಅದು ಸಿಗುವುದು ಹೊಸ ಪೇಜಿಗಲ್ಲ, ಹೊರಟುಹೋಗುವ ಪೇಜಿಗೆ. ಆದ್ದರಿಂದ ಗುರುತನ್ನು ಈ ಹ್ಯಾಂಡ್ಲರಿನಲ್ಲಿ ಬರೆಯಿರಿ: ತಾನಾಗಿರೀಲೋಡ್ ಆಗಲೇ ಕಾರಣ ಬರೆದಿದ್ದರೆ ಅದನ್ನು ಮುಟ್ಟಬೇಡಿ, ಇಲ್ಲದಿದ್ದರೆ ಕಾರಣ: 'ಗೊತ್ತಿಲ್ಲದ ಸ್ಕ್ರಿಪ್ಟ್' ಎಂದು ಬರೆಯಿರಿ. ವರದಿಯಲ್ಲಿ ಈ ಎರಡನೆಯ ಸಾಲು ಕಾಣಿಸಿಕೊಂಡರೆ ಯಾವ ಲೈಬ್ರರಿ ಕೈವಾಡ ಎಂದು ಹುಡುಕಲು ಕೂರಬಹುದು.

ಒಂದು ಎಚ್ಚರಿಕೆ. ಅದೇ ಇವೆಂಟಿನಲ್ಲಿ ಯೂಸರ್‌ಇನಿಶಿಯೇಟೆಡ್ ಎಂಬ ಗುಣವಿದೆ. ಹೆಸರು ನೋಡಿ ಎಲ್ಲರೂ ಅದಕ್ಕೆ ಕೈ ಹಾಕುತ್ತಾರೆ. ಬಳಕೆದಾರರು ನಿಮ್ಮ ಪೇಜಿನ ಒಳಗಿನ 'ರಿಫ್ರೆಶ್' ಬಟನ್ ಒತ್ತಿ, ಕ್ಲಿಕ್ ಹ್ಯಾಂಡ್ಲರ್ ಲೊಕೇಶನ್.ರೀಲೋಡ್() ಕರೆದರೂ ಅದು ಫಾಲ್ಸ್. ಅದು ಟ್ರೂ ಆಗುವುದು ಲಿಂಕ್ ಕ್ಲಿಕ್, ಫಾರ್ಮ್ ಸಬ್ಮಿಟ್ ಥರದ ನೇರ ನ್ಯಾವಿಗೇಷನ್‌ಗೆ ಮಾತ್ರ. ಪೇಜಿನೊಳಗಿನ ಬಟನ್‌ಗೆ ಕಾರಣ: 'ಬಟನ್' ಎಂದು ನೀವೇ ಬರೆದು, ವರದಿಯಲ್ಲಿ ಅದನ್ನು ಬಳಕೆದಾರರ ಸಾಲಿಗೆ ಸೇರಿಸಿ. ನ್ಯಾವಿಗೇಟರ್.ಯೂಸರ್‌ಆಕ್ಟಿವೇಶನ್.ಈಸ್‌ಆಕ್ಟಿವ್ ನೋಡಿ ಊಹಿಸುವವರೂ ಇದ್ದಾರೆ. ಕ್ರೋಮಿನಲ್ಲಿ ಅದು ಯಾವುದೇ ಕ್ಲಿಕ್ ಆದ ಮೇಲೆ ಸುಮಾರು 5 ಸೆಕೆಂಡ್ ಟ್ರೂ ಆಗಿಯೇ ಇರುತ್ತದೆ. ಬಳಕೆದಾರರು ಏನೋ ಮೆನು ಕ್ಲಿಕ್ ಮಾಡಿದ 3 ಸೆಕೆಂಡಿಗೆ ಟೈಮರ್ ಹಾರಿದರೆ ಲೆಕ್ಕ ತಪ್ಪಿತು.

ಬಿಂದುವಿಸರ್ಗ

ಸೊನ್ನೆಒಂದು ಅವರು ಹೇಳಿದ 10 ಸೆಕೆಂಡಿನ ಮಿತಿಗೆ ನನ್ನ ತಕರಾರಿದೆ. ಗುರುತು ಬರೆದ ಹೊತ್ತಿನಿಂದ ಹೊಸ ಪೇಜಿನ ಸ್ಕ್ರಿಪ್ಟ್ ಓಡುವವರೆಗೆ ಎಂದು ಅಳೆದರೆ ಸರ್ವರ್ ಉತ್ತರ ಕೊಡಲು ತೆಗೆದುಕೊಂಡ ಸಮಯವೂ ಅದರಲ್ಲಿ ಸೇರಿಕೊಳ್ಳುತ್ತದೆ. ನೆಟ್‌ವರ್ಕ್ ನಿಧಾನವಿದ್ದಾಗ 10 ಸೆಕೆಂಡ್ ಸಾಲದು, ತಾನಾಗಿ ಆದದ್ದು ಬಳಕೆದಾರರ ಲೆಕ್ಕಕ್ಕೆ ಹೋಗುತ್ತದೆ. ಮಿತಿಯನ್ನು 60ಕ್ಕೆ ಏರಿಸಿದರೆ ಉಲ್ಟಾ ತಪ್ಪು. ಟೈಮರ್ ರೀಲೋಡ್ ಶುರುಮಾಡಿದೆ, ಉತ್ತರ ಬರುತ್ತಿಲ್ಲ, ಹಳೆಯ ಪೇಜ್ ಇನ್ನೂ ಕಣ್ಣೆದುರಿಗಿದೆ, ಬಳಕೆದಾರರು ಬೇಸತ್ತು ಎಫ್5 ಒತ್ತುತ್ತಾರೆ. ಅರ್ಧವಿರಾಮ ಅವರಿಗೆ ಬೇಕಿರುವುದೇ ಈ ಎಫ್5. ಆದರೆ ಗುರುತು ಇನ್ನೂ ಅಲ್ಲೇ ಇರುವುದರಿಂದ ಅದು 'ಟೈಮರ್' ಎಂದು ಬರೆದುಕೊಳ್ಳುತ್ತದೆ.

ಅಳೆಯಬೇಕಾದದ್ದು ನ್ಯಾವಿಗೇಷನ್ ಶುರುವಾದ ಕ್ಷಣದವರೆಗೆ ಮಾತ್ರ. ಹೊಸ ಪೇಜಿನಲ್ಲಿ ಡೇಟ್.ನೌ() (ಈಗಿನ ಹೊತ್ತು) ಇಂದ ಪರ್ಫಾರ್ಮೆನ್ಸ್.ನೌ() (ಶುರುವಾದಂದಿನಿಂದ ಕಳೆದ ಸಮಯ) ಕಳೆಯಿರಿ, ಈ ನ್ಯಾವಿಗೇಷನ್ ಶುರುವಾದ ಹೊತ್ತು ಸಿಗುತ್ತದೆ. ಅದರಿಂದ ದಾಖಲೆಯಲ್ಲಿರುವ ಹೊತ್ತನ್ನು ಕಳೆದರೆ, ನಿಜವಾಗಿ ಕೋಡ್ ಮಾಡಿದ ರೀಲೋಡ್‌ಗೆ ಉಳಿಯುವುದು ಕೆಲವೇ ಮಿಲಿಸೆಕೆಂಡ್, ಸರ್ವರ್ ಎಷ್ಟೇ ತಡಮಾಡಲಿ. ಮಿತಿ 2000 ಮಿಲಿಸೆಕೆಂಡ್ ಇಟ್ಟರೆ ಧಾರಾಳ. ಗಡಿಯಾರದ ನಿಖರತೆಯಿಂದ ಒಂದೆರಡು ಮಿಲಿಸೆಕೆಂಡ್ ಋಣಾತ್ಮಕವಾಗಿ ಬರಬಹುದು, ಆದ್ದರಿಂದ ಚಿಹ್ನೆ ಬಿಟ್ಟು ಅಂತರ ಮಾತ್ರ ನೋಡಿ. ಮೇಲಿನ ಸಂದರ್ಭದಲ್ಲಿ ಟೈಮರ್ ಶುರುಮಾಡಿ 8 ಸೆಕೆಂಡಿಗೆ ಎಫ್5 ಒತ್ತಿದ್ದರೆ ಅಂತರ 8000ದ ಹತ್ತಿರ ಬರುತ್ತದೆ, ಸರಿಯಾಗಿ ಬಳಕೆದಾರರ ಲೆಕ್ಕಕ್ಕೆ ಬೀಳುತ್ತದೆ.

ದಾಖಲೆ ಬರೆಯುವಾಗ ಡೇಟ್.ನೌ() ಬಳಸಿ, ಟೈಮ್‌ಆರಿಜಿನ್‌ಗೆ (ಆ ಪೇಜಿನ ನ್ಯಾವಿಗೇಷನ್ ಶುರುವಾದ ಹೊತ್ತು) ಪರ್ಫಾರ್ಮೆನ್ಸ್.ನೌ() ಕೂಡಿಸಿದ ಬೆಲೆ ಬೇಡ. ಡ್ಯಾಶ್‌ಬೋರ್ಡ್ ಟ್ಯಾಬ್ ಗಂಟೆಗಟ್ಟಲೆ ತೆರೆದೇ ಇರುತ್ತದೆ. ನಡುವೆ ಲ್ಯಾಪ್‌ಟಾಪ್ ನಿದ್ದೆಗೆ ಹೋದರೆ ಕೆಲವು ಸಿಸ್ಟಂಗಳಲ್ಲಿ ಪರ್ಫಾರ್ಮೆನ್ಸ್.ನೌ() ಅಷ್ಟು ಹೊತ್ತು ನಿಂತೇ ಇರುತ್ತದೆ. ಆಗಷ್ಟೇ ಹುಟ್ಟಿದ ಪೇಜಿನಲ್ಲಿ ಆ ಭಯವಿಲ್ಲ.

ಬಿಫೋರ್‌ಅನ್‌ಲೋಡ್‌ನಲ್ಲಿ 'ಪೇಜ್ ಬಿಟ್ಟು ಹೋಗಬೇಕೇ' ಎಂಬ ಡೈಲಾಗ್ ಇಟ್ಟಿದ್ದರೆ ಇನ್ನೊಂದು ಗೋಜಲು. ನ್ಯಾವಿಗೇಷನ್‌ನ ಹೊತ್ತು ಬಳಕೆದಾರರು ಒಪ್ಪಿದ ಕ್ಷಣದಿಂದ ಶುರುವಾಗುವುದರಿಂದ ಅಂತರ ಬೆಳೆಯುತ್ತದೆ. ಬೇಡ ಎಂದರಂತೂ ಗುರುತು ಅನಾಥವಾಗಿ ಉಳಿಯುತ್ತದೆ. ತುಂಬಿದ ಫಾರ್ಮ್ ಇರುವಾಗ ತಾನಾಗಿ ರೀಲೋಡ್ ಮಾಡುವುದೇ ತಪ್ಪು, ಮೊದಲು ಅದನ್ನು ತಡೆಯಿರಿ. ಆಮೇಲೂ ಭದ್ರತೆಗೆ, ರೀಲೋಡ್ ಕರೆದ ಸಾಲಿನ ಕೆಳಗೇ ಒಂದು ಸೆಟ್‌ಟೈಮ್‌ಔಟ್ ಇಟ್ಟು 15 ಸೆಕೆಂಡಿನ ನಂತರ ಗುರುತು ಅಳಿಸಿ. ಪೇಜ್ ಹೋಗಿದ್ದರೆ ಟೈಮರೂ ಅದರ ಜೊತೆ ಹೋಗಿರುತ್ತದೆ. ಉತ್ತರ 15 ಸೆಕೆಂಡಿಗಿಂತ ತಡವಾಗುವ ಸರ್ವರ್ ಇದ್ದರೆ ಈ ಟೈಮರ್ ಬೇಡ, ಅಂತರದ ಪರೀಕ್ಷೆಯೊಂದೇ ಸಾಕು.

ಸೊನ್ನೆಒಂದು

ಒಪ್ಪಿದೆ, ಇದು 10 ಸೆಕೆಂಡಿನ ಮಿತಿಗಿಂತ ಗಟ್ಟಿ.

ಅರ್ಧವಿರಾಮ

ಅಂತರದ ಲೆಕ್ಕ ಚೆನ್ನಾಗಿದೆ. ಮೂರು ಸಣ್ಣ ಪ್ರಶ್ನೆ. ಕೆಲವು ಹಳೆಯ ಪೇಜುಗಳಲ್ಲಿ ಮೆಟಾ ರಿಫ್ರೆಶ್ (ಇಷ್ಟು ಹೊತ್ತಿಗೆ ರೀಲೋಡ್ ಮಾಡು ಎಂದು ಹೇಳುವ ಎಚ್‌ಟಿಎಂಎಲ್ ಟ್ಯಾಗ್) ಇದೆ, ಅದಕ್ಕೆ ಗುರುತು ಹಾಕುವುದೆಲ್ಲಿ? ಇದನ್ನೆಲ್ಲ ಬಿಟ್ಟು ಸರ್ವರ್ ಲಾಗಿನ ಹೆಡರ್ (ರಿಕ್ವೆಸ್ಟ್ ಜೊತೆ ಬರುವ ಮಾಹಿತಿಯ ಸಾಲು) ನೋಡಿಯೇ ಹೇಳಬಹುದೇ? ಮತ್ತು ಬಳಕೆದಾರರು ಬೇರೆ ಟ್ಯಾಬಿಗೆ ಹೋಗಿ ಬಹಳ ಹೊತ್ತಿನ ಮೇಲೆ ವಾಪಸ್ ಬಂದಾಗ ಪೇಜ್ ಒಮ್ಮೊಮ್ಮೆ ಮತ್ತೆ ಲೋಡ್ ಆಗುತ್ತದೆ, ಗುರುತೂ ಇಲ್ಲ, ಎಫ್5 ಕೂಡ ಒತ್ತಿಲ್ಲ.

ಬಿಂದುವಿಸರ್ಗ

ಮೂರನೆಯದು ಮೊದಲು, ಸೊನ್ನೆಒಂದು ಅವರು ಅಪವಾದ ಎಂದದ್ದು ಇದನ್ನೇ. ಮೆಮೊರಿ ಉಳಿಸಲು ಬ್ರೌಸರ್ ಹಿನ್ನೆಲೆಯ ಟ್ಯಾಬನ್ನು ಕೈಬಿಟ್ಟಿರುತ್ತದೆ. ವಾಪಸ್ ಬಂದಾಗ ಮತ್ತೆ ಲೋಡ್ ಮಾಡುತ್ತದೆ. ಕ್ರೋಮ್ 68ರಿಂದ ಡಾಕ್ಯುಮೆಂಟ್.ವಾಸ್‌ಡಿಸ್ಕಾರ್ಡೆಡ್ ಇದೆ. ಅದು ಟ್ರೂ ಇದ್ದರೆ ನ್ಯಾವಿಗೇಷನ್ ಟೈಪ್ ಏನಿದೆ ಎಂದು ನೋಡಲೂ ಹೋಗಬೇಡಿ, 'ಬ್ರೌಸರ್' ಎಂದು ಪ್ರತ್ಯೇಕ ಸಾಲಿಗೆ ಹಾಕಿ. ಪರೀಕ್ಷಿಸಲು ಕ್ರೋಮಿನ ಅಡ್ರೆಸ್ ಬಾರಿನಲ್ಲಿ 'ಕ್ರೋಮ್://ಡಿಸ್ಕಾರ್ಡ್ಸ್' ತೆರೆದು ಆ ಟ್ಯಾಬಿನ ಸಾಲಿನಲ್ಲಿ ಡಿಸ್ಕಾರ್ಡ್ ಒತ್ತಿ, ಆಮೇಲೆ ಟ್ಯಾಬಿಗೆ ಹೋಗಿ. ಸಫಾರಿಯಲ್ಲಿ ಈ ಗುಣವಿಲ್ಲ. ಐಫೋನಿನಲ್ಲಿ ಮೆಮೊರಿ ಸಾಲದೆ ಮತ್ತೆ ಲೋಡ್ ಆದದ್ದನ್ನು ಇದರಿಂದ ಹಿಡಿಯಲಾಗದು. ವಿಸಿಬಿಲಿಟಿಚೇಂಜ್‌ನಲ್ಲಿ ಪೇಜ್ ಮರೆಯಾದಾಗ 'ಮರೆ' ಎಂದು, ಮತ್ತೆ ಕಾಣಿಸಿಕೊಂಡಾಗ 'ಎದುರು' ಎಂದು ಸೆಷನ್‌ಸ್ಟೋರೇಜ್‌ನಲ್ಲಿ ಬರೆಯುತ್ತಿರಿ. ಆದರೆ ಪೇಜ್ ಬಿಟ್ಟುಹೋಗುವಾಗಲೂ ಪೇಜ್‌ಹೈಡ್ ಇವೆಂಟಿನ ಬೆನ್ನಿಗೇ ವಿಸಿಬಿಲಿಟಿಚೇಂಜ್ ಬರುತ್ತದೆ, ಆದ್ದರಿಂದ ಪೇಜ್‌ಹೈಡ್ ಬಂದರೆ ಆ ಬರಹ ಅಳಿಸಿ, ಅದರ ಹಿಂದೆಯೇ ಬರುವ ವಿಸಿಬಿಲಿಟಿಚೇಂಜ್‌ನಲ್ಲಿ ಮತ್ತೆ 'ಮರೆ' ಬರೆಯಬೇಡಿ. ಪೇಜ್ ಮರೆಯಲ್ಲಿದ್ದಾಗಲೇ ಸತ್ತಿದ್ದರೆ ಪೇಜ್‌ಹೈಡ್ ಓಡಿರುವುದಿಲ್ಲ, 'ಮರೆ' ಉಳಿದಿರುತ್ತದೆ. ನೂರಕ್ಕೆ ನೂರು ಅಲ್ಲ, ಆದರೆ ಬಳಕೆದಾರರ ತಲೆಗೆ ಸುಳ್ಳು ಲೆಕ್ಕ ಕಟ್ಟುವುದಕ್ಕಿಂತ ಮೇಲು.

ಬ್ಯಾಕ್ ಬಟನ್ ಒತ್ತಿ ಬಂದಾಗ ಬಿಎಫ್‌ಕ್ಯಾಶ್‌ನಿಂದ (ಬಿಟ್ಟುಬಂದ ಪೇಜನ್ನು ಇದ್ದಂತೆಯೇ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಪೇಜ್ ಎದ್ದರೆ ಸ್ಕ್ರಿಪ್ಟ್ ಮತ್ತೆ ಓಡುವುದೇ ಇಲ್ಲ, ಟೈಪ್ ಕೂಡ ಮೊದಲು ಏನಿತ್ತೋ ಅದೇ. ಪೇಜ್‌ಶೋ ಹ್ಯಾಂಡ್ಲರಿನಲ್ಲಿ ಟೈಪ್ ಓದುವ ಕೋಡ್ ಇದ್ದರೆ ಆ ಇವೆಂಟಿನ ಪರ್ಸಿಸ್ಟೆಡ್ ಗುಣ ಟ್ರೂ ಇರುವಾಗ (ಅಂದರೆ ಪೇಜ್ ಬಿಎಫ್‌ಕ್ಯಾಶ್‌ನಿಂದ ಬಂದಾಗ) ಬಿಟ್ಟುಬಿಡಿ. ಇಲ್ಲವಾದರೆ ಒಂದೇ ಎಫ್5 ಎರಡು ಸಲ ಎಣಿಕೆಯಾಗುತ್ತದೆ.

ತೆರೆಮರೆ

ಮೆಟಾ ರಿಫ್ರೆಶ್ ತೆಗೆದು ಜಾವಾಸ್ಕ್ರಿಪ್ಟ್ ಟೈಮರ್ ಹಾಕಿ. ಗುರುತು ಹಾಕಲು ಜಾಗ ಸಿಗುತ್ತದೆ, ಟ್ಯಾಬ್ ಮರೆಯಲ್ಲಿದ್ದರೆ ರೀಲೋಡ್ ಮುಂದೂಡಲೂ ಬಹುದು. ಯಾರೂ ನೋಡದ ಪೇಜನ್ನು 5 ನಿಮಿಷಕ್ಕೊಮ್ಮೆ ತರಿಸುವುದು ಸರ್ವರಿಗೆ ದಂಡ. ತೆಗೆಯಲಾಗದಿದ್ದರೆ ಅದರ ಯುಆರ್‌ಎಲ್‌ಗೆ '?ತಾನಾಗಿ=1' ಥರದ ಬಾಲ ಸೇರಿಸಿ. ಹೊಸ ಪೇಜ್ ಅದನ್ನು ಓದಿದ ಕೂಡಲೇ ಹಿಸ್ಟರಿ.ರಿಪ್ಲೇಸ್‌ಸ್ಟೇಟ್‌ನಿಂದ ಬಾಲ ಕತ್ತರಿಸಬೇಕು. ಮರೆತರೆ ಅಡ್ರೆಸ್ ಬಾರಿನಲ್ಲಿ ಬಾಲ ಉಳಿದು, ಅಲ್ಲಿಂದ ಮುಂದಿನ ಎಲ್ಲ ಎಫ್5ಗಳೂ ತಾನಾಗಿ ಆದವು ಎಂದೇ ಎಣಿಕೆಯಾಗುತ್ತವೆ. ಯಾರಾದರೂ ಆ ಲಿಂಕ್ ನಕಲಿಸಿ ಕಳಿಸಿದರೆ ಅದೂ ಸೇರುತ್ತದೆ.

ಹೆಡರ್ ವಿಚಾರ. ಕ್ರೋಮಿನಲ್ಲಿ ಸಾಮಾನ್ಯ ಎಫ್5 ಡಾಕ್ಯುಮೆಂಟ್ ರಿಕ್ವೆಸ್ಟ್ ಜೊತೆ ಕ್ಯಾಶ್-ಕಂಟ್ರೋಲ್: ಮ್ಯಾಕ್ಸ್-ಏಜ್=0 ಕಳಿಸುತ್ತದೆ, ಲೊಕೇಶನ್.ರೀಲೋಡ್() ಕೂಡ ಅದನ್ನೇ. ಬೇರೆ ಮಾಡಲಾಗುವುದಿಲ್ಲ. ಕಂಟ್ರೋಲ್+ಶಿಫ್ಟ್+ಆರ್ ಥರದ ಹಾರ್ಡ್ ರಿಫ್ರೆಶ್ ಮಾತ್ರ ನೋ-ಕ್ಯಾಶ್ ಕಳಿಸುತ್ತದೆ, ಜೊತೆಗೆ ಪ್ರಾಗ್ಮಾ: ನೋ-ಕ್ಯಾಶ್. ಕ್ರೋಮಿನಲ್ಲಿ ಸ್ಕ್ರಿಪ್ಟ್ ಈ ಥರದ ರೀಲೋಡ್ ಮಾಡಲಾರದು, ಆದ್ದರಿಂದ ಅದು ಕೈಯಾರೆ ಮಾಡಿದ್ದೇ. ಆದರೆ ಡೆವ್‌ಟೂಲ್ಸ್ ತೆರೆದು 'ಡಿಸೇಬಲ್ ಕ್ಯಾಶ್' ಟಿಕ್ ಮಾಡಿದ್ದರೂ ಅದೇ ಹೆಡರ್ ಹೋಗುತ್ತದೆ, ನಿಮ್ಮದೇ ತಂಡದವರ ರಿಕ್ವೆಸ್ಟ್‌ಗಳನ್ನು ಬಳಕೆದಾರರದ್ದು ಎಂದು ಎಣಿಸಿಬಿಟ್ಟೀರಿ. ಬಳಕೆದಾರರು ಶುರುಮಾಡಿದ್ದು ಎಂದು ಸೂಚಿಸುವ ಹೆಡರ್ ಸೆಕ್-ಫೆಚ್-ಯೂಸರ್: ?1 ಸುಳಿವು ಮಾತ್ರ, ಸಾಕ್ಷಿಯಲ್ಲ. ಲೆಕ್ಕವನ್ನು ಪೇಜಿನಲ್ಲೇ ಮಾಡಿ ಸೆಂಡ್‌ಬೀಕನ್‌ನಿಂದ (ಹಿನ್ನೆಲೆಯಲ್ಲಿ ಸರ್ವರಿಗೆ ಡೇಟಾ ಕಳಿಸುವ ಬ್ರೌಸರ್ ಫಂಕ್ಷನ್) ಕಳಿಸುವುದು ಸುಲಭ.

ಸರ್ವಿಸ್ ವರ್ಕರ್ ಇರುವುದರಿಂದ ಇನ್ನೊಂದು ಲಾಭವಿದೆ. ಶಿಫ್ಟ್ ಹಿಡಿದು ರೀಲೋಡ್ ಮಾಡಿದ ಪೇಜು ಸರ್ವಿಸ್ ವರ್ಕರ್ ಹಿಡಿತಕ್ಕೆ ಸಿಗದೆ ಲೋಡ್ ಆಗುತ್ತದೆ. ಟೈಪ್ 'ರೀಲೋಡ್', ರಿಜಿಸ್ಟ್ರೇಶನ್‌ನಲ್ಲಿ ಆಕ್ಟಿವ್ ವರ್ಕರ್ ಮೊದಲೇ ಇದೆ, ಆದರೂ ಶುರುವಿನಲ್ಲೇ ನ್ಯಾವಿಗೇಟರ್.ಸರ್ವಿಸ್‌ವರ್ಕರ್.ಕಂಟ್ರೋಲರ್ ನಲ್ ಎಂದರೆ ಹಾರ್ಡ್ ರಿಫ್ರೆಶ್ ಆಗಿದೆ. ಹಳೆಯ ಡೇಟಾ ಕಂಡು ರೋಸಿಹೋದವರು ಒತ್ತುವುದು ಇದನ್ನೇ, ವರದಿಯಲ್ಲಿ ಬೇರೆ ಸಾಲು ಕೊಡಿ.

ಸೊನ್ನೆಒಂದು

ಸರ್ವಿಸ್ ವರ್ಕರ್ ಮಾತು ಬಂತಲ್ಲ, ಕಂಟ್ರೋಲರ್‌ಚೇಂಜ್ (ಪೇಜಿನ ಹಿಡಿತ ಬೇರೆ ವರ್ಕರ್‌ಗೆ ಹೋಯಿತು ಎಂಬ ಇವೆಂಟ್) ಬಂದಾಗ ರೀಲೋಡ್ ಮಾಡುವ ಕೋಡ್ ಹೇಗಿದೆ ನೋಡಿಕೊಳ್ಳಿ. ತೆರೆದ ಪೇಜುಗಳನ್ನು ಕೂಡಲೇ ಹಿಡಿತಕ್ಕೆ ತೆಗೆದುಕೊಳ್ಳಲು ವರ್ಕರ್ ಕ್ಲೈಂಟ್ಸ್.ಕ್ಲೈಮ್() ಕರೆಯುವುದಾದರೆ ಮೊಟ್ಟಮೊದಲ ಭೇಟಿಯಲ್ಲೂ ಆ ಇವೆಂಟ್ ಬರುತ್ತದೆ, ಹೊಸಬರಿಗೆ ಸುಮ್ಮನೆ ಒಂದು ರೀಲೋಡ್. ಪೇಜ್ ಶುರುವಾದಾಗ ಕಂಟ್ರೋಲರ್ ಇತ್ತೇ ಎಂದು ಒಂದು ವೇರಿಯೇಬಲ್‌ನಲ್ಲಿ ಹಿಡಿದಿಟ್ಟು, ಇದ್ದರೆ ಮಾತ್ರ ರೀಲೋಡ್ ಮಾಡಿ. ಹೊಸ ವರ್ಕರ್ ಕಾಯದೆ ಕೂಡಲೇ ಶುರುವಾಗುವ ಸ್ಕಿಪ್‌ವೇಟಿಂಗ್ ಇದ್ದರೆ ಒಬ್ಬರ 4 ಟ್ಯಾಬ್‌ಗಳೂ ಒಟ್ಟಿಗೇ ರೀಲೋಡ್ ಆಗುತ್ತವೆ. ಅದು ಸಹಜ, ವರದಿಯಲ್ಲಿ ಕಂಡು ಗಾಬರಿಯಾಗಬೇಡಿ.

ಹೊಸ ಬಿಲ್ಡ್ ಡಿಪ್ಲಾಯ್ ಆದ ಮೇಲೆ ಹಳೆಯ ಚಂಕ್ ಫೈಲ್ (ಬಿಲ್ಡಿನ ಕೋಡ್ ತುಂಡು) ಸಿಗದೆ ರೀಲೋಡ್ ಮಾಡುವ ಕೋಡ್ ಕೂಡ ಸಾಮಾನ್ಯ. ವೀಟ್ ಎಂಬ ಬಿಲ್ಡ್ ಟೂಲ್‌ನಲ್ಲಿ 'ವೀಟ್:ಪ್ರಿಲೋಡ್‌ಎರರ್' ಇವೆಂಟ್ ಇದಕ್ಕೇ ಇದೆ. ಇಲ್ಲಿ ಗುರುತಿನಿಂದ ಎರಡನೇ ಉಪಯೋಗ: ಹಿಂದಿನ ರೀಲೋಡ್‌ನ ಕಾರಣವೂ 'ಚಂಕ್' ಆಗಿದ್ದರೆ ಮತ್ತೆ ರೀಲೋಡ್ ಮಾಡದೆ ಎರರ್ ಪರದೆ ತೋರಿಸಿ. ಇಲ್ಲವಾದರೆ ಕೊನೆಯಿಲ್ಲದ ಚಕ್ರ. ಸೆಷನ್‌ಸ್ಟೋರೇಜ್ ಬರೆಯಲಾಗದ ಬ್ರೌಸರಿನಲ್ಲಿ ತಾನಾಗಿ ರೀಲೋಡ್ ಮಾಡಲೇಬೇಡಿ, ಏಕೆಂದರೆ ಅಲ್ಲಿ ಚಕ್ರ ನಿಲ್ಲಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಕೋಡಿನಲ್ಲಿ ಎಲ್ಲಾದರೂ ಲೊಕೇಶನ್.ಹೆಚ್‌ರೆಫ್‌ಗೆ ಅದರದೇ ಬೆಲೆ ಕೊಟ್ಟು ರೀಲೋಡ್ ಮಾಡಿಸಿದ್ದರೆ ಅದನ್ನೂ ಬದಲಾಯಿಸಿ. ಅದರ ಟೈಪ್ 'ನ್ಯಾವಿಗೇಟ್' ಎಂದು ಬರುತ್ತದೆ, ಯುಆರ್‌ಎಲ್‌ನಲ್ಲಿ ಹ್ಯಾಶ್ ಇದ್ದರಂತೂ ಪೇಜ್ ರೀಲೋಡ್ ಆಗುವುದೇ ಇಲ್ಲ.

ಅರ್ಧವಿರಾಮ

ಡ್ಯಾಶ್‌ಬೋರ್ಡಿನ ಒಳಗೆ ಅದೇ ಒರಿಜಿನ್‌ನ (ಅದೇ ಸೈಟ್ ವಿಳಾಸದ) ಎರಡು ಐಫ್ರೇಮ್ (ಪೇಜಿನೊಳಗೆ ಕೂರಿಸಿದ ಬೇರೆ ಪೇಜ್) ಇವೆ, ಅವುಗಳಲ್ಲೂ ಇದೇ ಸ್ಕ್ರಿಪ್ಟ್ ಓಡುತ್ತದೆ. ತೊಂದರೆಯಾದೀತೇ?

ಬಿಂದುವಿಸರ್ಗ

ಆಗುತ್ತದೆ. ಒಂದೇ ಟ್ಯಾಬಿನ ಒಂದೇ ಒರಿಜಿನ್‌ನ ಫ್ರೇಮ್‌ಗಳಿಗೆಲ್ಲ ಸೆಷನ್‌ಸ್ಟೋರೇಜ್ ಒಂದೇ. ಐಫ್ರೇಮ್ ತನ್ನನ್ನು ರೀಲೋಡ್ ಮಾಡಿಕೊಳ್ಳಲು ಹಾಕಿದ ಗುರುತನ್ನು ಮೇಲಿನ ಪೇಜ್ ಓದಿ ಅಳಿಸಬಹುದು. ಕೀ ಹೆಸರಿಗೆ ಪಾತ್‌ನೇಮ್ ಸೇರಿಸಿ. ಎರಡು ಐಫ್ರೇಮಿನ ಪಾತ್ ಒಂದೇ ಆಗಿದ್ದರೆ ಐಫ್ರೇಮಿಗೆ ಕೊಟ್ಟ ನೇಮ್ ಗುಣವನ್ನೂ ಸೇರಿಸಿ, ವಿಂಡೋ.ನೇಮ್‌ನಿಂದ ಅದು ಒಳಗೆ ಸಿಗುತ್ತದೆ. ಬಳಕೆದಾರರ ಎಫ್5 ಎಣಿಸುವ ಕೆಲಸ ಮೇಲಿನ ಪೇಜಿನದು ಮಾತ್ರ, ವಿಂಡೋ.ಟಾಪ್ ಬೇರೆಯಾಗಿದ್ದರೆ ಬೀಕನ್ ಕಳಿಸಬೇಡಿ.